ಗ್ರೀಕ್, ಲ್ಯಾಟಿನ್ ಗ್ರಂಥಗಳಲ್ಲಿ ನಮ್ಮ ಕಾಳುಮೆಣಸನ್ನು ಹುಡುಕಿದ್ದು

ಮೊದಲ ಸಲ ಹುಡುಕಿದಾಗ ಬಂದ ಉತ್ತರ ಸೊನ್ನೆ. ಗ್ರೀಕ್ ಕೀಲಿಮಣೆ ಹಾಕಿಕೊಂಡು ‘ಪೆಪೆರಿ’ ಎಂಬ ಪದವನ್ನು, ಅದರ ಸ್ವರದ ಗುರುತನ್ನೂ ಸೇರಿಸಿ, ಎರಡೆರಡು ಸಲ ಸರಿನೋಡಿ ಒತ್ತಿದ್ದೆ. ಪೆಪೆರಿ ಎಂದರೆ ಕಾಳುಮೆಣಸು. ರೋಮನ್ ಕಾಲದ ಗ್ರೀಕ್ ವೈದ್ಯ ಗೇಲನ್ ತನ್ನ ಔಷಧಗಳ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೆದ ಪದ. ನನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪಠ್ಯವನ್ನು ತೆರೆದರೆ ಅದು ಕಣ್ಣಿಗೆ ಕಾಣುತ್ತಿತ್ತು. ಹುಡುಕಾಟ ಮಾತ್ರ ಇಲ್ಲ ಎನ್ನುತ್ತಿತ್ತು.

ಕಾರಣ ತಿಳಿಯಲು ಎರಡು ಸಂಜೆ ಬೇಕಾಯಿತು. ಹಳೆಯ ಗ್ರೀಕಿನಲ್ಲಿ ಸ್ವರ ಏರುವ ಕಡೆ, ವೇದದ ಉದಾತ್ತದ ಹಾಗೆ, ಅಕ್ಷರದ ತಲೆಯ ಮೇಲೆ ಒಂದು ಓರೆಗೆರೆ ಹಾಕುತ್ತಾರೆ. ಯೂನಿಕೋಡಿನಲ್ಲಿ ಈ ಗೆರೆ ಹೊತ್ತ ‘ಎ’ ಅಕ್ಷರಕ್ಕೆ ಎರಡು ಸಂಕೇತಸಂಖ್ಯೆಗಳಿವೆ. ಒಂದು ಇಂದಿನ ಗ್ರೀಕಿಗೆಂದು ಕೊಟ್ಟದ್ದು, ಇನ್ನೊಂದು ಹಳೆಯ ಗ್ರೀಕಿಗೆಂದು ಕೊಟ್ಟದ್ದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತದಲ್ಲಿ ಯೂನಿಕೋಡ್ ಕನ್ನಡದ ಪದ ಹಾಕಿ ಹುಡುಕಿದವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಪಠ್ಯವನ್ನೂ ನಾನು ಒತ್ತಿದ ಪದವನ್ನೂ ಒಂದೇ ರೂಪಕ್ಕೆ ತಂದ ಮೇಲೆ ಬಾಗಿಲು ತೆರೆಯಿತು. ಆಮೇಲೆ ಇನ್ನೂ ಸುಲಭದ ದಾರಿ ಹಿಡಿದೆ: ಸ್ವರದ ಗುರುತುಗಳನ್ನೆಲ್ಲ ಬಿಟ್ಟು, ಬರಿಯ ಅಕ್ಷರಗಳನ್ನು ಹುಡುಕುವುದು.

ಈ ಕೆಲಸಕ್ಕೆ ಕೈ ಹಾಕಿದ್ದು ಅಪ್ಪನ ಒಂದು ಪ್ರಶ್ನೆಯಿಂದ. ಶಿರಸಿಯ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ಕಾಳು ಹರವುತ್ತ ಅಪ್ಪ ಕೇಳಿದರು: “ರೋಮಿನವರು ಇದಕ್ಕೆ ಚಿನ್ನ ಸುರಿದರು ಎಂದು ಎಲ್ಲ ಕಡೆ ಬರೆಯುತ್ತಾರಲ್ಲ, ಅವರು ತಾವೇ ಏನು ಬರೆದಿಟ್ಟಿದ್ದಾರೆ? ನೀನು ಆ ಭಾಷೆ ಓದುತ್ತೀಯಲ್ಲ, ನೋಡಿ ಹೇಳು.” ನಾನು ಗ್ರೀಕ್, ಲ್ಯಾಟಿನ್ ಕಲಿತದ್ದು ತಡವಾಗಿ, ನೌಕರಿಯ ನಡುವೆ ಸಿಕ್ಕ ಬೆಳಗಿನ ಹೊತ್ತಿನಲ್ಲಿ. ಒಂದು ಪುಟ ಓದಲು ಒಂದು ಗಂಟೆ ಹಿಡಿಯುವ ನನಗೆ ಸಾವಿರ ವರ್ಷಗಳ ಸಾಹಿತ್ಯದಲ್ಲಿ ಒಂದು ಪದವನ್ನು ಓದಿ ಓದಿ ಹುಡುಕಲು ಆಯುಷ್ಯ ಸಾಲದು. ಆದ್ದರಿಂದ ಯಂತ್ರದ ಮೊರೆ ಹೋದೆ.

ಈ ಕ್ಷೇತ್ರದವರು ಕಂಪ್ಯೂಟರನ್ನು ಬಹಳ ಬೇಗ ಕೈಗೆತ್ತಿಕೊಂಡವರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಆವರಣದಲ್ಲಿ ‘ಥೆಸಾರಸ್ ಲಿಂಗ್ವೇ ಗ್ರೇಕೇ’ ಎಂಬ ಯೋಜನೆ ಶುರುವಾದದ್ದು 1972ರಲ್ಲಿ. ಎಲ್ಲರೂ ಟಿಎಲ್‌ಜಿ ಎನ್ನುತ್ತಾರೆ. ಹೋಮರನಿಂದ ಹಿಡಿದು 1453ರಲ್ಲಿ ಬೈಜಾಂಟಿಯಂ ಬೀಳುವವರೆಗಿನ ಗ್ರೀಕ್ ಬರವಣಿಗೆ ಅಲ್ಲಿ ಸೇರುತ್ತ ಬಂದಿದೆ. ಇಡೀ ಸಂಗ್ರಹಕ್ಕೆ ಚಂದಾ ಬೇಕು. ಹೆಸರು ನೋಂದಾಯಿಸಿದರೆ ಒಂದು ಸಣ್ಣ ಭಾಗ ಉಚಿತ. ಲ್ಯಾಟಿನ್ನಿಗೆ ಪ್ಯಾಕರ್ಡ್ ಸಂಸ್ಥೆಯ ಸಂಗ್ರಹವಿದೆ, ಸುಮಾರು ಕ್ರಿ.ಶ. 200ರವರೆಗಿನ ಸಾಹಿತ್ಯ, ಪೂರ್ತಿ ಉಚಿತ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಗ್ರಂಥಾಲಯದಲ್ಲಿ ಪ್ರತಿ ಪದವನ್ನು ಒತ್ತಿದರೆ ಅದರ ಮೂಲರೂಪ, ವಿಭಕ್ತಿ, ನಿಘಂಟಿನ ಅರ್ಥ ಬರುತ್ತದೆ. ಅದರ ಪಠ್ಯಗಳನ್ನು ಇಡಿಯಾಗಿ ಇಳಿಸಿಕೊಳ್ಳಲೂಬಹುದು. ಪೀಟರ್ ಹೆಸ್ಲಿನ್ ಎಂಬ ವಿದ್ವಾಂಸರು ಬರೆದು ಉಚಿತವಾಗಿ ಕೊಟ್ಟಿರುವ ‘ಡಯೋಜಿನಿಸ್’ ಎಂಬ ತಂತ್ರಾಂಶ ನಮ್ಮದೇ ಯಂತ್ರದಲ್ಲಿ ಕೂತು ಇಂಥ ಪಠ್ಯಗಳಲ್ಲಿ ಹುಡುಕುತ್ತದೆ. ನೆಟ್‌ವರ್ಕ್ ಬಂದು ಹೋಗುವ ನಮ್ಮ ಊರಿನಲ್ಲಿ ಇದು ಎಷ್ಟು ದೊಡ್ಡ ಉಪಕಾರ ಎಂದು ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಇವುಗಳ ಒಳಗೆ ಎಲ್ಲೆಲ್ಲೂ ಸಿಗುವ ಒಂದು ಹಳೆಯ ವಸ್ತು ‘ಬೀಟಾ ಕೋಡ್’. ಕಂಪ್ಯೂಟರಿಗೆ ಗ್ರೀಕ್ ಲಿಪಿ ಬರದಿದ್ದ ಕಾಲದಲ್ಲಿ ಡೇವಿಡ್ ಪ್ಯಾಕರ್ಡ್ ರೂಪಿಸಿದ್ದು. ಇಂಗ್ಲಿಷ್ ಅಕ್ಷರಗಳಲ್ಲೇ ಗ್ರೀಕ್ ಬರೆಯುವುದು, ಸ್ವರ ಏರಿದರೆ ಒಂದು ಓರೆಗೆರೆ, ಉಸಿರಿನ ಗುರುತಿಗೆ ಒಂದು ಕಂಸ. ‘ಬರಹ’ ತಂತ್ರಾಂಶದಲ್ಲಿ ಇಂಗ್ಲಿಷ್ ಕೀಲಿಗಳಿಂದ ಕನ್ನಡ ಬರೆದು ರೂಢಿಯಾದ ನನ್ನ ಬೆರಳಿಗೆ ಇದು ಒಂದೇ ದಿನದಲ್ಲಿ ಒಗ್ಗಿತು. ಈಗಲೂ ಗ್ರೀಕ್ ಕೀಲಿಮಣೆಗಿಂತ ಇದೇ ನನಗೆ ಹತ್ತಿರ.

ಸೊನ್ನೆಯ ಕಾಟ ಮುಗಿದ ಮೇಲೆ ಎದುರಾದದ್ದು ವಿಭಕ್ತಿ. ಕನ್ನಡದಲ್ಲಿ ಮೆಣಸು, ಮೆಣಸಿನ, ಮೆಣಸಿಗೆ ಎಂದು ಬಾಲ ಬದಲಾಗುವಂತೆ ಗ್ರೀಕಿನಲ್ಲೂ ಬದಲಾಗುತ್ತದೆ. ‘ಪೆಪೆರಿ’ಯ ಷಷ್ಠಿ ‘ಪೆಪೆರೆಓಸ್’. ಬಾಲ ಬಂದ ಕೂಡಲೇ ಸ್ವರದ ಗುರುತು ಮೊದಲ ‘ಪೆ’ಯಿಂದ ಎರಡನೆಯದಕ್ಕೆ ಜಿಗಿಯುತ್ತದೆ. ಹಾಗಾಗಿ ಗುರುತು ಬಿಟ್ಟು, ಬಾಲವನ್ನೂ ಬಿಟ್ಟು, ‘ಪೆಪೆರ್’ ಎಂಬ ಬುಡವನ್ನಷ್ಟೇ ಹಾಕಿದೆ. ಫಲಿತಾಂಶ ಧೋ ಎಂದು ಸುರಿಯಿತು. ಅದರಲ್ಲಿ ರಾಶಿರಾಶಿಯಾಗಿ ಅರಿಸ್ಟಾಟಲ್ ಇದ್ದ.

ಅರಿಸ್ಟಾಟಲ್ ಮೆಣಸಿನ ಬಗ್ಗೆ ಇಷ್ಟೊಂದು ಬರೆದಿದ್ದಾನೆಯೇ ಎಂದು ಕ್ಷಣಕಾಲ ಎದೆ ಹಾರಿತು. ತೆರೆದು ಓದಿದರೆ ಅಲ್ಲಿದ್ದದ್ದು ‘ಪೆಪೆರಾಸ್ಮೆನೊನ್’. ಎಂದರೆ ಮಿತಿಯುಳ್ಳದ್ದು, ಅನಂತವಲ್ಲದ್ದು. ‘ಮುಗಿಸು’ ಎಂಬ ಅರ್ಥದ ಧಾತುವಿಗೆ ಗ್ರೀಕ್ ವ್ಯಾಕರಣದಂತೆ ಮೊದಲಕ್ಷರ ಇಮ್ಮಡಿಸಿ ಬಂದ ಕೃದಂತ ಅದು. ಭೌತಶಾಸ್ತ್ರದ ಗ್ರಂಥದಲ್ಲಿ ಮಿತಿ, ಅಮಿತಿಗಳನ್ನು ಚರ್ಚಿಸುವಾಗ ಅವನಿಗೆ ಆ ಪದ ಹೆಜ್ಜೆಹೆಜ್ಜೆಗೂ ಬೇಕು. ಕನ್ನಡ ಪಠ್ಯಗಳಲ್ಲಿ ‘ಮೆಣಸಿ’ ಎಂದು ಹುಡುಕಿದರೆ ಮೆಣಸಿನಕಾಯಿಯೂ ಜೊತೆಗೆ ಬರುತ್ತದಲ್ಲ, ಹಾಗೆ. ಯಂತ್ರ ನೋಡುವುದು ಅಕ್ಷರಗಳ ಸಾಲನ್ನು. ಪದ ಯಾವುದು ಎಂದು ಹೇಳಬೇಕಾದವರು ನಾವು. ಪದದ ಮೂಲರೂಪ ಕೊಟ್ಟರೆ ಎಲ್ಲ ವಿಭಕ್ತಿಗಳನ್ನೂ ತಾನೇ ಹುಡುಕಿಕೊಡುವ ಸೌಲಭ್ಯ ಟಿಎಲ್‌ಜಿಯಲ್ಲಿದೆ, ಅದು ಬಹಳ ಕಸ ತೆಗೆಯುತ್ತದೆ. ಆದರೂ ನಾನು ಬುಡ ಹಾಕಿ ಹುಡುಕುವುದನ್ನು ಬಿಟ್ಟಿಲ್ಲ. ವ್ಯಾಕರಣದ ಪಟ್ಟಿಗೆ ಸಿಗದ ವಿಚಿತ್ರ ರೂಪಗಳು ಆ ಕಸದಲ್ಲೇ ಇರುತ್ತವೆ. ‘ಪೆ’ ಹೋಗಿ ‘ಪಿ’ ಆದ, ಇಂದಿನ ಗ್ರೀಕರೂ ಆಡುವ ‘ಪಿಪೆರಿ’ ಎಂಬ ರೂಪ ನನ್ನ ಗಮನಕ್ಕೆ ಬಂದದ್ದೂ ಹಾಗೆಯೇ.

ಎಣಿಕೆಯನ್ನು ನಾನು ನಂಬುವುದಿಲ್ಲ. ‘ಈ ಪದ ಇಷ್ಟು ಸಲ ಬರುತ್ತದೆ’ ಎಂಬ ಸಂಖ್ಯೆ ಪರದೆಯ ಮೇಲೆ ಚೆಂದವಾಗಿ ಕಾಣುತ್ತದೆ. ಮೆಣಸಿನ ವಿಷಯದಲ್ಲಿ ಆ ಸಂಖ್ಯೆಯ ದೊಡ್ಡ ಪಾಲು ಗೇಲನ್ ಮತ್ತು ಅವನ ನಂತರದ ವೈದ್ಯರದು. ಗೇಲನ್ನನ ಬರಹ ಅಷ್ಟೊಂದು ಉಳಿದು ಬಂದಿದೆ ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ಇನ್ನೊಂದು ಮೋಸವೂ ಇದೆ. ಹಾಸ್ಯನಾಟಕಕಾರ ಆಂಟಿಫನೀಸ್ ಮೆಣಸಿನ ಬಗ್ಗೆ ಬರೆದ ಸಾಲುಗಳು ಉಳಿದಿರುವುದು ಅಥೀನಿಯಸ್ ಅವುಗಳನ್ನು ತನ್ನ ಭೋಜನಕೂಟದ ಗ್ರಂಥದಲ್ಲಿ ಉದ್ಧರಿಸಿದ್ದರಿಂದ. ಸಂಗ್ರಹದಲ್ಲಿ ಅಥೀನಿಯಸ್ಸನ ಪುಸ್ತಕವೂ ಇದೆ, ಆಂಟಿಫನೀಸನ ತುಣುಕುಗಳನ್ನು ಆಯ್ದು ಮಾಡಿದ ಪುಸ್ತಕವೂ ಇದೆ. ಒಂದೇ ಸಾಲು ಎರಡು ಸಲ ಎಣಿಕೆಯಾಗುತ್ತದೆ. ಅದಕ್ಕೇ ಪ್ರತಿ ಹುಡುಕಾಟಕ್ಕೂ ನೋಟ್‌ಬುಕ್ಕಿನ ಒಂದು ಪುಟ ಮೀಸಲಿಟ್ಟೆ: ಏನನ್ನು ಒತ್ತಿದೆ, ಯಾವ ಸಂಗ್ರಹದಲ್ಲಿ, ಯಾರು ಸಂಪಾದಿಸಿದ ಪಠ್ಯ, ಯಾವುದನ್ನು ಏಕೆ ಬಿಟ್ಟೆ. ಆರು ತಿಂಗಳ ನಂತರ ಅದೇ ದಾರಿಯಲ್ಲಿ ಹಿಂದಿರುಗಿ ನಡೆಯಬೇಕಾದಾಗ ನನ್ನ ಕೈ ಹಿಡಿದದ್ದು ಆ ಪುಟಗಳು.

ಗ್ರೀಕರಲ್ಲಿ ಮೆಣಸು ಮೊದಲಿಗೆ ಅಡುಗೆಮನೆಯ ಸಾಮಾನಲ್ಲ, ಮದ್ದು. ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ಸ್ತ್ರೀರೋಗಗಳ ಗ್ರಂಥದಲ್ಲಿ ಅದು ‘ಪರ್ಷಿಯನ್ನರು ಪೆಪೆರಿ ಎನ್ನುವ ಭಾರತದ ಮದ್ದು’. ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಸಸ್ಯಗಳ ಗ್ರಂಥದಲ್ಲಿ ಎರಡು ಬಗೆ ಹೇಳುತ್ತಾನೆ, ಒಂದು ದುಂಡು, ಒಂದು ಉದ್ದ. ಉದ್ದನೆಯದೆಂದರೆ ನಮ್ಮ ಹಿಪ್ಪಲಿ. ಸಂಸ್ಕೃತದ ‘ಪಿಪ್ಪಲಿ’ಯೇ ಪಶ್ಚಿಮಕ್ಕೆ ಹೋಗಿ ಪೆಪೆರಿ ಆಯಿತು, ಲ್ಯಾಟಿನ್ನಿನ ‘ಪಿಪೆರ್’ ಆಯಿತು. ಕನ್ನಡದಲ್ಲಿ ಪಾಲು ಹಾಲಾದಂತೆ ಪಿಪ್ಪಲಿ ಹಿಪ್ಪಲಿಯಾಯಿತು. ನಾವು ಆ ಹೆಸರನ್ನು ಅದರದೇ ಗಿಡಕ್ಕೆ ಉಳಿಸಿಕೊಂಡೆವು. ಅವರು ಅದನ್ನು ಕಾಳುಮೆಣಸಿಗೂ ಕೊಟ್ಟರು. ಗೇಲನ್ ಹೇಳುವ ‘ಮೂರು ಮೆಣಸುಗಳ’ ಔಷಧದಲ್ಲಿ ಉದ್ದ, ಬಿಳಿ, ಕರಿ ಮೂರೂ ಸೇರುತ್ತವೆ. ಅದನ್ನು ಓದಿದ ದಿನ ಅಮ್ಮ ಕೆಮ್ಮಿಗೆ ಕೊಡುತ್ತಿದ್ದ ತ್ರಿಕಟು ನೆನಪಾಯಿತು. ಶುಂಠಿ, ಮೆಣಸು, ಹಿಪ್ಪಲಿ. ಎರಡಕ್ಕೂ ಸಂಬಂಧವಿದೆ ಎಂದು ಬರೆಯಲು ನನ್ನ ಬಳಿ ಆಧಾರವಿಲ್ಲ. ನೆನಪಾದದ್ದು ಮಾತ್ರ ನಿಜ.

ಲ್ಯಾಟಿನ್ ಹುಡುಕಾಟದಲ್ಲಿ ಮೊದಲು ಕೈಗೆ ಹತ್ತಿದ್ದು ರೋಮನ್ ಲೇಖಕ ಪ್ಲಿನಿಯ ‘ನಿಸರ್ಗ ಚರಿತ್ರೆ’ಯ ಹನ್ನೆರಡನೆಯ ಸಂಪುಟ. ಪೌಂಡಿಗೆ ಉದ್ದ ಮೆಣಸು 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿ 7, ಕರಿ 4 ಎಂದು ಬೆಲೆ ಬರೆದಿಟ್ಟಿದ್ದಾನೆ. ಈ ಬೆಲೆಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಹುಡುಕಾಟ ನನ್ನನ್ನು ಬೆಲೆಯ ಮೇಲೆ ತಂದು ಇಳಿಸಿತು, ನಾನು ನಾಲ್ಕು ಸಾಲು ಹಿಂದಕ್ಕೆ ಹೋಗಿ ಓದಿದೆ. ಅಲ್ಲಿ ಮೆಣಸು ಹೇಗೆ ಆಗುತ್ತದೆ ಎಂಬ ವಿವರಣೆಯಿತ್ತು. ಕಾಯಿ ಬಿರಿಯುವ ಮುಂಚೆ ಕಿತ್ತು ಬಿಸಿಲಿಗೆ ಒಣಗಿಸಿದರೆ ಉದ್ದ ಮೆಣಸು. ಬಲಿತು ಬಿರಿದರೆ ಒಳಗೆ ಬಿಳಿ ಮೆಣಸು ಕಾಣುತ್ತದೆ. ಅದೇ ಬಿಸಿಲಿನಲ್ಲಿ ಬಾಡಿ ಬಣ್ಣ ತಿರುಗಿ ಸುಕ್ಕುಗಟ್ಟುತ್ತದೆ.

ಅಪ್ಪನಿಗೆ ಇದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ಕಾಳನ್ನು ಉಗುರಿನಿಂದ ಸುಲಿದು ತೋರಿಸಿದರು. “ಬಿಸಿಲಿಗೆ ಕಪ್ಪಾಗಿ ಸುಕ್ಕಾಗುತ್ತದೆ ಎಂದದ್ದು ಸರಿ. ಕಪ್ಪಾಗುವುದು ಸಿಪ್ಪೆ. ಹಣ್ಣಾದ ಕಾಳನ್ನು ನೆನೆಸಿ ಸಿಪ್ಪೆ ಉಜ್ಜಿ ತೆಗೆದರೆ ಬಿಳಿ ಮೆಣಸು. ಆದರೆ ಹಿಪ್ಪಲಿ ಬೇರೆ ಬಳ್ಳಿ. ಈ ಮನುಷ್ಯ ಒಣಗಿದ ಸರಕು ನೋಡಿದ್ದಾನೆ, ಬಳ್ಳಿ ನೋಡಿಲ್ಲ.” ಅರ್ಧ ನಿಮಿಷದಲ್ಲಿ ಅವರು ಹೇಳಿದ್ದನ್ನು ನಾನು ಟಿಪ್ಪಣಿಗಳಿಂದ ಹೊರಡಿಸಲು ಒಂದು ವಾರ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಸಿಕ್ಕಿದ ಪ್ರತಿ ವಾಕ್ಯವನ್ನೂ ಅವರಿಗೆ ಓದಿ ಹೇಳುವುದು ರೂಢಿಯಾಯಿತು.

ಸಾಹಿತ್ಯದ ಸಂಗ್ರಹದಿಂದ ಆಚೆ ಬಂದು ದಿನಬಳಕೆಯ ಬರಹಗಳಲ್ಲೂ ಹುಡುಕಿ ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ. ಉತ್ತರ ಬ್ರಿಟನ್ನಿನಲ್ಲಿ, ಹೇಡ್ರಿಯನ್ನನ ಗೋಡೆಯ ಹತ್ತಿರ, ವಿಂಡೋಲಾಂಡ ಎಂಬ ರೋಮನ್ ಕೋಟೆಯಿದೆ. ಅಲ್ಲಿನ ಕೆಸರಿನಲ್ಲಿ 1973ರಿಂದ ತೆಳ್ಳನೆಯ ಮರದ ಹಲಗೆಗಳು ಸಿಗುತ್ತಿವೆ. ಸೈನಿಕರ ಪತ್ರ, ಲೆಕ್ಕ, ರಜಾ ಅರ್ಜಿ. ಅವೆಲ್ಲ ಹುಡುಕಲು ಬರುವಂತೆ ಅಂತರ್ಜಾಲದಲ್ಲಿವೆ. ಅಲ್ಲಿ ‘ಪಿಪೆರ್’ ಹಾಕಿದಾಗ ಒಂದು ಲೆಕ್ಕದ ಪಟ್ಟಿ ಸಿಕ್ಕಿತು. ತಪ್ಪೋ ಎಂಬವನ ಮಗ ಗಂಬಾಕ್ಸ್, ಮೆಣಸು, 2 ದಿನಾರಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಡಗು ಹತ್ತಿದ ಕಾಳು ಸಾಮ್ರಾಜ್ಯದ ಆ ತುದಿಯ ಚಳಿಯಲ್ಲಿ ಒಬ್ಬ ಸಾಮಾನ್ಯ ಸೈನಿಕನ ಲೆಕ್ಕಕ್ಕೆ ಬಿದ್ದಿದೆ. ರೋಮಿನ ಹಣ ಕೋಟಿಗಟ್ಟಲೆ ಭಾರತಕ್ಕೆ ಹರಿಯುತ್ತದೆ ಎಂಬ ಪ್ಲಿನಿಯ ಮಾತಿಗಿಂತ ಈ 2 ದಿನಾರಿ ನನಗೆ ಹೆಚ್ಚು ಹೇಳಿತು. ರಾತ್ರಿ ಹನ್ನೊಂದಾಗಿತ್ತು. ಅಪ್ಪನನ್ನು ಎಬ್ಬಿಸಿ ಹೇಳಿದೆ.

ಈಗ ಸಿಗದೇ ಇದ್ದದ್ದರ ಬಗ್ಗೆ. ಇದನ್ನು ಕಲಿಯಲು ನನಗೆ ಅತಿ ಹೆಚ್ಚು ಕಾಲ ಹಿಡಿಯಿತು.

ವಿಯೆನ್ನಾದಲ್ಲಿ ಕ್ರಿ.ಶ. ಎರಡನೆಯ ಶತಮಾನದ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಹಾಳೆಯಿದೆ, 1985ರಲ್ಲಿ ಪ್ರಕಟವಾಯಿತು. ಕೇರಳ ಕರಾವಳಿಯ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಪಡೆದ ಸಾಲದ ಕರಾರು ಒಂದು ಮಗ್ಗುಲಲ್ಲಿ, ‘ಹರ್ಮಪೊಲ್ಲೋನ್’ ಎಂಬ ಹಡಗಿನಲ್ಲಿ ಬಂದ ಸರಕಿನ ಮೌಲ್ಯ ಇನ್ನೊಂದು ಮಗ್ಗುಲಲ್ಲಿ. ಪಪೈರಸ್‌ಗಳ ಸಂಗ್ರಹದಲ್ಲಿ ನಾನು ಬಂದರಿನ ಹೆಸರನ್ನು ‘ಪೆರಿಪ್ಲಸ್’ ಎಂಬ, ಸಮುದ್ರ ವ್ಯಾಪಾರದ ದಾರಿ ಹೇಳುವ ಹಳೆಯ ಗ್ರೀಕ್ ಗ್ರಂಥದಲ್ಲಿರುವಂತೆ ‘ಮೂಜಿರಿಸ್’ ಎಂದು ಹಾಕಿ ಹುಡುಕಿದೆ. ಇಲ್ಲ. ಕರಾರು ಬರೆದವನು ‘ಇ’ ಇರಬೇಕಾದ ಕಡೆ ‘ಎಇ’ ಎಂಬ ಜೋಡಿ ಅಕ್ಷರ ಹಾಕಿದ್ದ. ಅವನ ಕಾಲಕ್ಕೆ ಎರಡರ ಉಚ್ಚಾರವೂ ಒಂದೇ ಆಗಿತ್ತು, ಕೇಳಿದಂತೆ ಬರೆದ. ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿದಾಗ ಹಾಳೆ ಕೈಗೆ ಬಂತು. ಅದರಲ್ಲಿ ಪೆಪೆರಿ ಹುಡುಕಿದೆ. ಅದೂ ಇಲ್ಲ. ಗಂಗಾಪ್ರಾಂತದ ಜಟಾಮಾಂಸಿ ಇದೆ, ದಂತ ಇದೆ, ಮೆಣಸಿಲ್ಲ. ಆ ಹಡಗಿನಲ್ಲಿ ಮೆಣಸು ಇರಲೇ ಇಲ್ಲ ಎಂದು ಬರೆದುಬಿಡುತ್ತಿದ್ದೆನೇನೋ. ಹಾಳೆಯ ಚಿತ್ರ ನೋಡಿದೆ. ಹರಿದಿದೆ. ಸರಕಿನ ಪಟ್ಟಿಯ ಒಂದು ಭಾಗ ಕಳೆದುಹೋಗಿದೆ. ಉಳಿದ ಮೊತ್ತಗಳ ಲೆಕ್ಕ ಹಾಕಿದ ವಿದ್ವಾಂಸರು ಕಳೆದ ಭಾಗದಲ್ಲಿ ಮೆಣಸು ಇದ್ದಿರಬೇಕು ಎಂದು ವಾದಿಸುತ್ತಾರೆ. ಯಂತ್ರಕ್ಕೆ ಹರಿದ ಕಾಗದವೂ ಒಂದೇ, ಬರೆಯದ ಕಾಗದವೂ ಒಂದೇ.

ಇದಕ್ಕೆ ಎದುರಾದ ಇನ್ನೊಂದು ಪಟ್ಟಿ ನೋಡಿ. ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಕಾನೂನು ಸಂಗ್ರಹ ‘ಡೈಜೆಸ್ಟ್’ನಲ್ಲಿ, ಪೂರ್ವದಿಂದ ಬರುವ ಯಾವ ಯಾವ ಸರಕಿಗೆ ಸುಂಕ ಎಂಬ ಹಳೆಯ ಯಾದಿಯೊಂದು ಸೇರಿದೆ. ಅಲ್ಲಿ ‘ಉದ್ದ ಮೆಣಸು’ ಇದೆ, ‘ಬಿಳಿ ಮೆಣಸು’ ಇದೆ. ಕರಿಮೆಣಸು ಇಲ್ಲ. ಇಲ್ಲಿ ಯಾದಿ ಸಲೀಸಾಗಿ ಓದಲು ಬರುತ್ತದೆ, ಆದ್ದರಿಂದ ಈ ಇಲ್ಲದಿರುವಿಕೆಗೆ ತೂಕವಿದೆ. ಕರಿಮೆಣಸು ಎಲ್ಲರ ಮನೆಯ ಸಾಮಾನಾಗಿದ್ದರಿಂದ ಸುಂಕದಿಂದ ಹೊರಗಿಟ್ಟರೇ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಬಹುದು. ಗಂಬಾಕ್ಸ್‌ನ 2 ದಿನಾರಿ ಆ ಕಡೆಗೇ ಬೆರಳು ತೋರಿಸುತ್ತದೆ ಎಂದು ನನಗೆ ಅನಿಸುತ್ತದೆ.

ಅಕ್ಷರ ತಪ್ಪಿ ಹೆಸರೇ ಬದಲಾದ ಒಂದು ಪ್ರಕರಣವೂ ಇದೇ ದಾರಿಯಲ್ಲಿ ಸಿಕ್ಕಿತು. ಮೆಣಸಿನ ನಾಡನ್ನು ಪೆರಿಪ್ಲಸ್ ‘ಲಿಮುರಿಕೆ’ ಎನ್ನುತ್ತದೆ, ಟಾಲೆಮಿಯ ಭೂಗೋಳವೂ ಹಾಗೇ ಎನ್ನುತ್ತದೆ. ಲ್ಯಾಟಿನ್ ಕಡೆ ಅದನ್ನು ಹುಡುಕುತ್ತ ಹೋದಾಗ, ರೋಮನ್ ಕಾಲದ ದಾರಿಗಳ ನಕ್ಷೆಯಾದ ಪಾಯ್ಟಿಂಗರ್ ಪಟದಲ್ಲಿ ಇದ್ದದ್ದು ‘ದಮಿರಿಕೆ’. ಗ್ರೀಕಿನ ದೊಡ್ಡಕ್ಷರಗಳಲ್ಲಿ ‘ದ’ ಎಂದರೆ ಪೂರ್ತಿ ತ್ರಿಕೋನ. ತಳದ ಗೆರೆ ಅಳಿಸಿದರೆ ಅದೇ ‘ಲ’. ನಮ್ಮ ‘ಪ’ದ ಹೊಟ್ಟೆಯಲ್ಲಿ ಒಂದು ಗೆರೆ ಬಿದ್ದರೆ ‘ಷ’ ಆಗುವ ಹಾಗೆ. ಯಾವನೋ ಲಿಪಿಕಾರನ ಕಣ್ಣಿಗೆ ಆ ತಳಗೆರೆ ಕಾಣಲಿಲ್ಲ, ತಮಿಳರ ನಾಡು ಲಿಮುರಿಕೆಯಾಗಿ ಉಳಿಯಿತು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿ ಎನಿಸುತ್ತದೆ. ಪೆರಿಪ್ಲಸ್ ನಮಗೆ ದಕ್ಕಿರುವುದು ಹೈಡೆಲ್‌ಬರ್ಗಿನಲ್ಲಿರುವ ಹತ್ತನೆಯ ಶತಮಾನದ ಹಸ್ತಪ್ರತಿಯಿಂದ. ಅಲ್ಲಿ ತಪ್ಪಿದ್ದು ಪರದೆಯ ಮೇಲೂ ತಪ್ಪೇ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಅಚ್ಚಿನ ಪುಸ್ತಕ ಪಕ್ಕದಲ್ಲಿಲ್ಲದೆ ಊರಿನ ಹೆಸರುಗಳ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ಹೆಚ್ಚಿನ ಡಿಜಿಟಲ್ ಪಠ್ಯಗಳು ಆ ಅಡಿಟಿಪ್ಪಣಿಗಳನ್ನು ಕೈಬಿಟ್ಟೇ ಬಂದಿವೆ.

‘ಪಿಪೆರಿ’, ‘ಪೆಪೆರಿ’ ಎರಡನ್ನೂ ಹಾಕಿ, ಕಾಲವನ್ನು ಆರನೆಯ ಶತಮಾನಕ್ಕೆ ತಂದು ಹುಡುಕಿದಾಗ ಕಾಸ್ಮಾಸ್ ಸಿಕ್ಕಿದ. ಅಲೆಗ್ಸಾಂಡ್ರಿಯದ ವರ್ತಕ, ಆಮೇಲೆ ಸನ್ಯಾಸಿ. ಅವನ ‘ಕ್ರೈಸ್ತ ಭೂವಿವರಣೆ’ಯ ಹನ್ನೊಂದನೆಯ ಭಾಗದಲ್ಲಿ, ಮೆಣಸು ಬೆಳೆಯುವ ನಾಡು ‘ಮಲೆ’ ಎಂದಿದೆ. ಅಲ್ಲಿ ಮೆಣಸು ಸಾಗಿಸುವ ಐದು ಬಂದರುಗಳು: ಪಾರ್ತಿ, ಮಂಗರೂಥ್, ಸಲೋಪತನ, ನಲೋಪತನ, ಪೂದೋಪತನ. ಎರಡನೆಯ ಹೆಸರಿನ ಮೇಲೆ ಕಣ್ಣು ನಿಂತಿತು. ಅದು ಮಂಗಳೂರು ಎಂದೇ ವಿದ್ವಾಂಸರು ಗುರುತಿಸುತ್ತಾರೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಅದೇ ಪುಟಗಳಲ್ಲಿ ಅವನು ಬಳ್ಳಿಯನ್ನು ವರ್ಣಿಸುತ್ತಾನೆ. ಅದು ಬಹಳ ಸಪೂರ, ದ್ರಾಕ್ಷಿಯ ಎಳೆಕುಡಿಯಂತೆ ಬಲವಿಲ್ಲದ್ದು, ಆದ್ದರಿಂದ ಒಂದೊಂದು ಬಳ್ಳಿಯೂ ಎತ್ತರದ ಬೇರೊಂದು ಮರವನ್ನು ಹಬ್ಬಿ ಏರುತ್ತದೆ. ಒಂದೊಂದು ಗೊಂಚಲಿಗೂ ಎರಡು ಎಲೆಗಳ ಹೊದಿಕೆ. ಬಣ್ಣ ಕಡು ಹಸಿರು. ಮರುದಿನ ತೋಟದಲ್ಲಿ ಅಪ್ಪನಿಗೆ ಓದಿ ಹೇಳಿದೆ. ಮರ ಹಬ್ಬುವ ಮಾತಿಗೆ ಅವರು ತಲೆದೂಗಿದರು. “ಇವನು ತೋಟಕ್ಕೆ ಬಂದವನು, ಇಲ್ಲವೇ ಬಂದವನ ಬಾಯಿಂದ ಕೇಳಿದವನು.” ಎರಡು ಎಲೆಯ ಮಾತಿಗೆ ಸುಮ್ಮನಾದರು. ಹತ್ತಿರದ ಬಳ್ಳಿಯನ್ನು ಎಳೆದುಕೊಂಡು ಗೊಂಚಲುಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸಿ ನೋಡಿದರು. ಪ್ರತಿ ಗೊಂಚಲಿನ ಎದುರಿಗೂ ಒಂದೇ ಎಲೆ. ಇನ್ನೊಂದು ಮರಕ್ಕೆ ಹೋದರು. ಅಲ್ಲೂ ಒಂದೇ.

“ಎರಡು ಎಂದೇ ಇದೆಯೇ? ಇನ್ನೊಮ್ಮೆ ನೋಡು” ಎಂದರು. ಮೊಬೈಲಿನಲ್ಲಿ ಪಠ್ಯ ತೆರೆದು, ಆ ಪದವನ್ನು ಒತ್ತಿ, ನಿಘಂಟು ಬರಲೆಂದು ಕಾಯುತ್ತ ನಿಂತೆ.